ಅತಿವಾಹನವೆಂಬ ಅತಿಚಾರ

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಯಾದ ಹೊರೆಯ ವಿಚಾರ ಎರಡು ಕಡೆ ಬರುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅದು ಅತಿಭಾರಾರೋಪಣ; ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಅತಿಭಾರವಹನ. ಈ ಎರಡನೆಯ ಪಟ್ಟಿಯ ಮೊದಲ ಹೆಸರು ಅತಿವಾಹನ. ಎತ್ತುಗಳು ಸುಖವಾಗಿ ನಡೆಯಬಲ್ಲ ದೂರವನ್ನು ಮೀರಿ ಲೋಭದಿಂದ ಅವನ್ನು ನಡೆಸುವುದೆಂದು ಪ್ರಭಾಚಂದ್ರರ ಟೀಕೆ ಅದಕ್ಕೆ ಅರ್ಥ ಹೇಳುತ್ತದೆ. ದಣಿದ ಜೀವಿಯನ್ನು ದುಡಿಸುವುದು ಹಿಂಸೆಯ ಖಾತೆಯಲ್ಲಿ ಮಾತ್ರವಲ್ಲ, ಆಸೆಯ ಖಾತೆಯಲ್ಲೂ ಬರೆಯಬೇಕಾದ ದೋಷವೆಂದಾಯಿತು.

ಇಂದು ಎತ್ತಿನ ಸ್ಥಾನದಲ್ಲಿ ಎಂಜಿನ್ ಇದೆ. ಎಂಜಿನ್ನಿಗೆ ದಣಿವಿಲ್ಲ, ಅದನ್ನು ನಡೆಸುವವನಿಗೆ ಇದೆ.

ಚಿಂತಾಮಣಿಯಿಂದ ಹೊಸಕೋಟೆಯ ಕಡೆಗೆ ಸಾಗುವ ರಸ್ತೆಯಲ್ಲಿ ಕೈವಾರ ಕ್ರಾಸ್ ಸಿಗುತ್ತದೆ. ಒಳಗಿರುವ ಕೈವಾರವು ಬಳೆಯ ಮಲಾರ ಹೊತ್ತು ಊರೂರು ಅಲೆದ ಯೋಗಿ ನಾರೇಯಣರ ಕ್ಷೇತ್ರ. ತಮ್ಮ ಸರಕನ್ನು ತಾವೇ ಹೊತ್ತ ವ್ಯಾಪಾರಿ ಅವರು. ಇಂದು ರಸ್ತೆಯ ಮೇಲಿನ ಚಾಲಕರು ಹೊರುವುದು ಪರರ ಸರಕನ್ನು. ಈ ಸೀಮೆಯಲ್ಲಿ ಅದು ಬಹುಮಟ್ಟಿಗೆ ಟೊಮೇಟೊ. ಕೋಲಾರ, ಚಿಂತಾಮಣಿಯ ಮಂಡಿಗಳಿಂದ ದೆಹಲಿಗೆ 2,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಣ್ಣು ಕೊಳೆಯುವ ಮೊದಲು ಮುಟ್ಟಬೇಕು. ಚಾಲಕನು ರಸ್ತೆಯಂಚಿನಲ್ಲಿ ಚಹಾ ಕುಡಿದು, ಮುಖಕ್ಕೆ ನೀರೆರಚಿಕೊಂಡು, ಸೀಟಿನ ಹಿಂದಿನ ಹಲಗೆಯ ಮೇಲೆ ಗಳಿಗೆ ಹೊತ್ತು ಒರಗುತ್ತಾನೆ. ಡೀಸೆಲ್ ಕಳ್ಳರ ಭಯದಿಂದ ಆ ನಿದ್ರೆಯೂ ಅರೆನಿದ್ರೆಯೇ. ಸ್ನಾನಶೌಚಗಳಿಗೆ ಪೆಟ್ರೋಲ್ ಬಂಕಿನವರ ದಯೆಯೇ ಆಧಾರ.

ಎತ್ತು ಮೂಕಪ್ರಾಣಿ, ಚಾಲಕನಾದರೋ ಬಾಡಿಗೆ ಒಪ್ಪಿ ಬಂದವನು, ಅವನಿಗೂ ಈ ಅತಿಚಾರಕ್ಕೂ ಏನು ಸಂಬಂಧ ಎಂದು ಕೇಳುವ ವರ್ತಕರಿದ್ದಾರೆ. ಆವಶ್ಯಕಸೂತ್ರದ ವ್ಯಾಖ್ಯಾನಪರಂಪರೆ ಇದಕ್ಕೆ ಎಡೆಗೊಟ್ಟಿಲ್ಲ. ಅಲ್ಲಿ ಹೊರೆಯ ಮಾತು ಚತುಷ್ಪದಗಳಿಗಷ್ಟೇ ಅಲ್ಲ, ದ್ವಿಪದರಿಗೂ ಅನ್ವಯಿಸುತ್ತದೆ: ಮನುಷ್ಯನ ಮೇಲೆ ಅವನು ತಾನೇ ಎತ್ತಿ ತಾನೇ ಇಳಿಸಬಲ್ಲಷ್ಟನ್ನೇ ಹೊರಿಸಬೇಕು. ಸಾಲದ ಕಂತು ಕತ್ತಿನ ಮೇಲಿರುವಾಗ ಕೊಟ್ಟ ಒಪ್ಪಿಗೆಯ ತೂಕವೆಷ್ಟೆಂಬುದು ವ್ಯಾಪಾರ ಬಲ್ಲವರಿಗೆ ತಿಳಿಯದ್ದಲ್ಲ.

ಲಾರಿ ನಡೆಸಿದವನು ತಾನಲ್ಲವೆಂಬ ಸಮಾಧಾನವೂ ನಿಲ್ಲದು. ಮೋಟಾರು ವಾಹನ ಕಾಯಿದೆಯ 194ನೆಯ ಕಲಮು, ಮಿತಿಮೀರಿದ ಭಾರದ ವಾಹನವನ್ನು ನಡೆಸಿದವನ ಜೊತೆಗೆ, ನಡೆಸಲು ಕಾರಣನಾದವನನ್ನೂ ನಡೆಸಗೊಟ್ಟವನನ್ನೂ ಹೊಣೆ ಮಾಡುತ್ತದೆ. ಕೃತ, ಕಾರಿತ, ಅನುಮತ ಎಂಬ ಆಗಮದ ವಿಭಾಗವೇ ಇದು. 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮಿಕ್ಕ ಪ್ರತಿ ಟನ್ನಿಗೆ ಮತ್ತೆ 2,000. ಆದರೆ ಮಾಲು ಮುಟ್ಟಬೇಕಾದ ಗಂಟೆಯನ್ನು ಗೊತ್ತುಮಾಡಿ ಚಾಲಕನ ನಿದ್ರೆ ಕಸಿದವನಿಗೆ ಆ ಕಲಮಿನಲ್ಲಿ ದಂಡವಿಲ್ಲ. ಅಲ್ಲಿ ಶ್ರಾವಕನಿಗೆ ಉಳಿಯುವುದು ವ್ರತವೊಂದೇ.

ಜಿನಾಲಯಗಳಿಗೆ ಮಕರಾನದ ಅಮೃತಶಿಲೆ ಬರುವುದೂ ಲಾರಿಯಲ್ಲಿಯೇ. ಪ್ರತಿಷ್ಠೆಯ ಮುಹೂರ್ತ ಸಮೀಪಿಸಿದಾಗ ಫೋನಿನಲ್ಲಿ ಅವಸರಪಡಿಸುವವರು ಟ್ರಸ್ಟಿನವರು. ಶಿಲೆ ಬಂದ ಮೇಲೆ ಹಮಾಲರು ಸಿಗುವವರೆಗೆ ಚಾಲಕನು ಗೇಟಿನ ಹೊರಗೆ ಕಾಯುತ್ತಾನೆ. ಧರ್ಮಶಾಲೆಯ ಕೋಣೆಗಳು ಖಾಲಿ ಇದ್ದರೂ ಒಳಗೆ ಕರೆಯುವವರು ವಿರಳ. ಸಮಂತಭದ್ರರು ಅತಿಭಾರಾರೋಪಣದೊಡನೆ ಹೆಸರಿಸಿದ ಇನ್ನೊಂದು ಅತಿಚಾರ ಆಹಾರವಾರಣ. ಚಾಲಕನಿಗೂ ಕ್ಲೀನರಿಗೂ ಒಂದು ಕೋಣೆ, ಎರಡು ಊಟ, ಸ್ನಾನಕ್ಕೆ ನೀರು ಒದಗಿಸಲು ಟ್ರಸ್ಟಿನ ಒಂದು ಠರಾವು ಸಾಕು. ಶಿಲೆಯನ್ನು ಒಂದು ವಾರ ಮೊದಲೇ ತರಿಸಿಕೊಳ್ಳಲು ಠರಾವೂ ಬೇಕಿಲ್ಲ. ಮುಹೂರ್ತದ ದಿನ ಪಂಚಾಂಗದಲ್ಲಿ ಎಂದೋ ಗೊತ್ತಾಗಿರುತ್ತದೆ.