ಮರೆಮಾತು

ಹರಿದಾಸರ ಮುಂಡಿಗೆಗಳನ್ನು ಕೇಳಿ ಬಲ್ಲ ಈ ರಾಯಚೂರು ಸೀಮೆಯಲ್ಲಿ ಒಳ ಅರ್ಥವುಳ್ಳ ಮಾತು ಹೊಸದಲ್ಲ. ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವನು. ದೀಪವನ್ನು ಆರಿಸು ಎನ್ನದೆ ‘ಶಾಂತ ಮಾಡು’ ಎನ್ನುವರು. ಇವು ಕೇಳುವವರ ಮನಸ್ಸು ನೋಯದಂತೆ ಆಡುವ ಮಾತುಗಳು, ಇವುಗಳಲ್ಲಿ ಕಪಟವಿಲ್ಲ.

ಆದರೆ ತೀರಿಸುವ ಮನಸ್ಸಿಲ್ಲದೆ ಸಾಲಕೊಟ್ಟವನಿಗೆ ‘ದೇವರು ನಡಿಸಿದಂತಾಗಲಿ’ ಎನ್ನುವುದು ಎಂಥ ಮಾತು? ಸೊಸೆಗೆ ತಗಲಲೆಂದು ಮಗಳನ್ನು ಬೈಯುವುದು ಎಂಥ ಮಾತು? ಕೇಳಿದರೆ, ‘ನಿನಗೆ ಅಂದೆನೇ?’ ಎಂದು ನುಣುಚಿಕೊಳ್ಳುವೆವು. ಹೃದಯವನ್ನು ಶೋಧಿಸುವಾತನಾದರೋ ಎರಡು ಅರ್ಥಗಳನ್ನೂ ಕೇಳಿದ್ದಾನೆ.

ನಾತಾನ ಪ್ರವಾದಿಯು ಕುರಿಮರಿಯ ಕಥೆಯಿಂದ ಆರಂಭಿಸಿದರೂ ಅದರ ಮರೆಯಲ್ಲಿ ಅಡಗಿಕೊಳ್ಳಲಿಲ್ಲ. ತಪ್ಪಿತಸ್ಥನು ದಾವೀದನೇ ಎಂದು ಅರಸನ ಎದುರಿಗೇ ತಿಳಿಯಹೇಳಿದನು (2 ಸಮುವೇಲ 12). ಅದರಿಂದಲೇ ದಾವೀದನು ತನ್ನ ಪಾಪವನ್ನು ಅರಿಕೆಮಾಡಿದನು. ಹೌದಾದದ್ದನ್ನು ಹೌದೆಂದೂ ಅಲ್ಲದ್ದನ್ನು ಅಲ್ಲವೆಂದೂ ಹೇಳಬೇಕೆಂದು ಕರ್ತನು ಕಲಿಸಿದನು (ಮತ್ತಾಯ 5:37).

ಆದುದರಿಂದ ನೆರೆಯವನ ನೋವನ್ನು ಮುಚ್ಚುವುದಕ್ಕೆ ಮರೆಮಾತು ಇರಲಿ. ನಮ್ಮ ಪಾಪವನ್ನು ಮುಚ್ಚುವುದಕ್ಕೆ ಬೇಡ. ಸಾಲವನ್ನು ಈಗ ತೀರಿಸಲಾರದವನು ಎದ್ದು ಹೋಗಿ, ತೀರಿಸಲಾರೆನೆಂದೇ ಹೇಳಲಿ. ಸೊಸೆಯಲ್ಲಿ ತಪ್ಪು ಕಂಡ ಅತ್ತೆಯು ಅವಳನ್ನೇ ಕರೆದು ಪ್ರೀತಿಯಿಂದ ತಿಳಿಸಲಿ.