ಹೊಲದ ಮೇಲಿನ ತಂತಿ: ಬೆಲೆಯೋ, ಪಾಲೋ?

ಗೌರಿಬಿದನೂರು ಸೀಮೆಯಲ್ಲಿ 1388ರ ಒಂದು ಶಾಸನವಿದೆ. ಹರಿಹರರಾಯನ ಮಗನಾದ ಪ್ರತಾಪ ಬುಕ್ಕರಾಯನು ಪೆನುಕೊಂಡೆಯಲ್ಲಿದ್ದಾಗ, ಪ್ರಜೆಗಳು ಸುಖವಾಗಿರಬೇಕೆಂದು ಬಯಸಿ, ಹೆನ್ನೆ ನದಿಯನ್ನು ಪೆನುಕೊಂಡೆಗೆ ತರುವಂತೆ ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ ಅಪ್ಪಣೆ ಮಾಡಿದನೆಂದೂ, ಆತನು ಸಿರುವೆರೆಯ ಕೆರೆಗೆ ಕಾಲುವೆ ತೆಗೆಸಿದನೆಂದೂ ಅದು ಹೇಳುತ್ತದೆ. ಹೆನ್ನೆಯೆಂದರೆ ಇಂದಿನ ಉತ್ತರ ಪಿನಾಕಿನಿ. ಎಲ್ಲಿಯೋ ಇರುವ ಸಂಪತ್ತನ್ನು ಇನ್ನೆಲ್ಲಿಗೋ ಹರಿಸಿ ಲೋಕೋಪಕಾರ ಮಾಡುವ ಯೋಚನೆ ನಮ್ಮ ಸೀಮೆಗೆ ಹೊಸದಲ್ಲ.

ಇಂದು ಹರಿಯುತ್ತಿರುವುದು ವಿದ್ಯುತ್ತು. ಅದನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯುವ ಹೊಣೆಯನ್ನು ಬಹುಪಾಲು ಹೊತ್ತಿರುವುದು 1989ರಲ್ಲಿ ಸ್ಥಾಪಿತವಾದ, ಕೇಂದ್ರ ಸರ್ಕಾರದ ಒಡೆತನದ ಪವರ್ ಗ್ರಿಡ್ ಸಂಸ್ಥೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರದ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡಾಗ ದಕ್ಷಿಣದ ಜಾಲವು ಉಳಿದ ಭಾರತದ ಜಾಲದೊಡನೆ ಒಂದಾಯಿತು. ಅದಕ್ಕೂ ಹತ್ತು ವರ್ಷ ಮೊದಲೇ ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 1,300 ಕಿ.ಮೀ.ಗೂ ಹೆಚ್ಚು ಉದ್ದದ ಮಾರ್ಗವೊಂದು ಬಂದಿತ್ತು. ನಾವು ಮನೆಯಲ್ಲಿ ದೀಪ ಹಚ್ಚಿದಾಗ, ಕೊಳವೆಬಾವಿಯ ಮೋಟಾರು ತಿರುಗಿದಾಗ, ಎಂದೂ ನೋಡದ ಊರಿನ ಕಲ್ಲಿದ್ದಲು ಅಲ್ಲಿ ಉರಿದಿರಬಹುದು. ಅದರ ಬೂದಿಯನ್ನು ಅಲ್ಲಿನವರು ಉಸಿರಾಡಿರಬಹುದು. ಆದುದರಿಂದ ಈ ಜಾಲಕ್ಕೆ ನಾವೂ ಋಣಿಗಳೇ. ಅದು ಬೇಡವೆನ್ನುವ ಹಕ್ಕು ನಮಗಿಲ್ಲ.

ಪ್ರಶ್ನೆಯಿರುವುದು ಬೇರೆಡೆ. ಕಾಲುವೆ ಹಾದುಹೋದ ಊರಿನವನು ಒಂದು ಬೊಗಸೆ ನೀರನ್ನಾದರೂ ಎತ್ತಿಕೊಳ್ಳಬಲ್ಲವನಾಗಿದ್ದನು. ನಾಲ್ಕು ನೂರು ಕಿಲೋವೋಲ್ಟಿನ ತಂತಿಯ ಕೆಳಗೆ ಉಳುವವನು ಅದರಿಂದ ಒಂದು ಬಲ್ಬನ್ನೂ ಉರಿಸಲಾರನು. ಅವನ ಮನೆಯ ವಿದ್ಯುತ್ತು ಹಲವು ಸಬ್‌ಸ್ಟೇಷನ್‌ಗಳಲ್ಲಿ ಒತ್ತಡ ಇಳಿಸಿಕೊಂಡು, ಸುತ್ತಿ ಬಳಸಿ ಬರಬೇಕು. ಹೊಲದ ನಡುವೆ ಟವರಿನ ನಾಲ್ಕು ಕಾಲುಗಳು ಊರುತ್ತವೆ. ತಂತಿಯಡಿಯಲ್ಲಿ ಕಡಲೆಕಾಯಿ ಬಿತ್ತಬಹುದು. ತೆಂಗು, ಹುಣಿಸೆ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಆದರೂ ಕಾನೂನಿನ ಕಣ್ಣಿಗೆ ಆ ನೆಲವನ್ನು ಯಾರೂ ತೆಗೆದುಕೊಂಡಿಲ್ಲ! ಒಡೆತನ ರೈತನದೇ. 1885ರ ತಾರು ಕಾಯಿದೆಯ ಅಧಿಕಾರವನ್ನು 2003ರ ವಿದ್ಯುತ್ ಕಾಯಿದೆಯು ಪ್ರಸರಣ ಮಾರ್ಗಗಳಿಗೂ ವಿಸ್ತರಿಸಿತು. ಬ್ರಿಟಿಷರ ಕಾಲದ ಟೆಲಿಗ್ರಾಫ್ ಕಂಬಕ್ಕೆ ಹೊಂದುತ್ತಿದ್ದ ನ್ಯಾಯ ಈ ದೈತ್ಯ ಟವರಿಗೂ ಹೊಂದೀತೆ?

ಪರಿಹಾರವೇ ಇಲ್ಲವೆಂದರೆ ಅನ್ಯಾಯದ ಮಾತಾದೀತು. ಟವರ್ ನಿಂತ ಜಾಗಕ್ಕೆ ನೆಲದ ಬೆಲೆಯ ನೂರಕ್ಕೆ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ 15 ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಸೂಚಿಸಿತು. 2024ರಲ್ಲಿ ಅವನ್ನು 200 ಮತ್ತು 30ಕ್ಕೆ ಏರಿಸಿತು. ಏರಿಕೆ ಸ್ವಾಗತಾರ್ಹ. ಆದರೆ ಎಷ್ಟೇ ಏರಿಸಿದರೂ ಅದು ಒಂದು ಸಲ ಕೊಟ್ಟು ಮುಗಿಸುವ ಬೆಲೆ. ತಂತಿ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ, ದಿನವೂ ದುಡಿಯುತ್ತದೆ. ಪವರ್ ಗ್ರಿಡ್‌ನ ಷೇರುಗಳು 2007ರಿಂದ ಮಾರುಕಟ್ಟೆಯಲ್ಲಿವೆ. ಅದರಲ್ಲಿ ಹಣ ಹೂಡಿದವರಿಗೆ ಲಾಭಾಂಶ ಬರುತ್ತದೆ, ಅದು ಧರ್ಮವೇ. ಹಣವನ್ನು ತೊಡಗಿಸಿದವನು ಪಾಲುದಾರ, ನೆಲವನ್ನು ತೊಡಗಿಸಿದವನು ಮಾರಾಟಗಾರ ಎಂಬ ಭೇದ ಯಾವ ಧರ್ಮ?

ನಮ್ಮ ಹಿರಿಯರು ಈ ಲೆಕ್ಕವನ್ನು ಬೇರೆ ಬಗೆಯಲ್ಲಿ ಮಾಡಿದ್ದರು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ದುರಸ್ತಿ ಮಾಡಿಸಿದವನಿಗೆ ಭೂಮಿಯನ್ನು ಬಿಟ್ಟುಕೊಡುವ ದಶಬಂಧ, ಕಟ್ಟುಕೊಡಗೆಗಳು ಕನ್ನಡ ಶಾಸನಗಳಲ್ಲೂ ರಾಯಲಸೀಮೆಯ ಇನಾಮು ದಾಖಲೆಗಳಲ್ಲೂ ಕಾಣಸಿಗುತ್ತವೆ. ಕೆರೆ ತುಂಬಿದರೆ ಅವನಿಗೂ ಬೆಳೆ, ಬತ್ತಿದರೆ ಅವನಿಗೂ ಬರ. ಆ ಕಾಲದಲ್ಲಿ ಎಲ್ಲರಿಗೂ ಸಮನಾದ ನ್ಯಾಯ ದೊರೆಯುತ್ತಿತ್ತೆಂದು ನಾವು ಹೇಳುವುದಿಲ್ಲ; ಯಾರ ಹೊಲಕ್ಕೆ ನೀರು ಮೊದಲು ಹೋಗುತ್ತಿತ್ತೆಂಬುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಬಲ್ಲರು. ಆದರೆ ಸಾರ್ವಜನಿಕ ಕಾರ್ಯಕ್ಕೆ ಒದಗಿದವನು ಅದರ ಫಲದಲ್ಲಿ ಭಾಗಿ ಎಂಬ ತತ್ವವಾದರೂ ಅಲ್ಲಿತ್ತು.

ವಾರ್ಷಿಕ ಪಾಲು ಕೊಟ್ಟರೆ ವಿದ್ಯುತ್ತಿನ ದರ ಏರುವುದಿಲ್ಲವೆ ಎಂದು ಕೇಳುವವರಿದ್ದಾರೆ. ತುಸು ಏರೀತು. ಏರುವ ಆ ತುಸುವನ್ನು ದೇಶದ ಬಳಕೆದಾರರೆಲ್ಲ ಹಂಚಿಕೊಳ್ಳುವರು. ಈಗ ಅದನ್ನು ತಂತಿಯ ಕೆಳಗಿನ ಕೆಲವರೇ ಹೊರುತ್ತಿದ್ದಾರೆ.

ಇದು ಆಗದ ಮಾತೂ ಅಲ್ಲ. ಗಡಿಯಾಚೆ, ನಮ್ಮ ನೆರೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಅಲ್ಲಿ ನೆಲವನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂದು ಗುತ್ತಿಗೆಗೆ ಪಡೆದರು. ಮಳೆ ನಂಬಿ ಕೆಟ್ಟ ರೈತನಿಗೆ ಅದೊಂದು ಆಸರೆ. ಹಾಗೆಂದು ಅದನ್ನೇ ಪೂರ್ಣ ಮಾದರಿಯೆಂದು ಹೊಗಳಲು ಮನಸ್ಸು ಒಪ್ಪುವುದಿಲ್ಲ. ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವನಿಗೆ ಸಂದಿತು. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಕೆಲಸವೂ ಹೋಯಿತು, ಗುತ್ತಿಗೆಯೂ ಇಲ್ಲ. ಹಿಂದೆ ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ನೀರುಗಂಟಿಗೂ ಒಂದು ಪಾಲನ್ನು ತೆಗೆದಿಡುತ್ತಿದ್ದರು. ಅವನ ಹೆಸರಿನಲ್ಲಿ ಹೊಲವಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ.