ಅರವತ್ತೊಂದನೆಯ ದಿನ

ಧಾರವಾಡದಲ್ಲಿ ಕ್ರಿಮಿನಲ್ ವಕೀಲಿಕೆ ಮಾಡಿಕೊಂಡಿದ್ದವ ನಾನು. ಕಳವಿರಲಿ, ಬಡಿದಾಟವಿರಲಿ, ಶಿಕ್ಷೆ ಮುಗಿದರೆ ಅಪರಾಧವೂ ಮುಗಿಯಿತು ಅಂತ ಕಕ್ಷಿದಾರರಿಗೆ ಧೈರ್ಯ ಹೇಳುತ್ತಿದ್ದೆ. ಆ ಮಾತು ಕೈಕೊಟ್ಟದ್ದು ಆಫ್ರಿಕದ ಒಬ್ಬ ವಿದ್ಯಾರ್ಥಿಯ ಕೇಸಿನಲ್ಲಿ. ವೀಸಾ ತೀರಿತ್ತು, ಊರಿಗೆ ಹೋಗಲು ದುಡ್ಡಿರಲಿಲ್ಲ. 1946ರ ವಿದೇಶಿಯರ ಕಾಯ್ದೆ, 14ನೇ ಕಲಮು, ಗರಿಷ್ಠ 5 ವರ್ಷ. ತಪ್ಪೊಪ್ಪಿಕೊಂಡ, ಕೆಲವು ತಿಂಗಳ ಜೈಲಾಯಿತು. ಬಿಡುಗಡೆಯಾಗಿ ಹೊರಗೆ ಕಾಲಿಟ್ಟನಲ್ಲ, ಆ ಕ್ಷಣದಿಂದಲೇ ಅದೇ ಅಪರಾಧ ಮತ್ತೆ ಶುರು. ಜೈಲಲ್ಲಿದ್ದಷ್ಟು ದಿನವೂ ವೀಸಾ ಹಳೆಯದಾಗಿತ್ತೇ ಹೊರತು ಹೊಸದಾಗಿರಲಿಲ್ಲ. ಶಿಕ್ಷೆಯಿಂದ ತೀರದ ಅಪರಾಧ ಎಂಥ ಅಪರಾಧ?

ಈಗ ವರ್ಷದಲ್ಲಿ ಕೆಲವು ತಿಂಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಇಲ್ಲಿ ನಮ್ಮವರು ಹವಾಮಾನದಷ್ಟೇ ಸಲೀಸಾಗಿ ಮಾತಾಡುವ ವಿಷಯ ‘ಸ್ಟೇಟಸ್’. ಎಚ್-1ಬಿ ಮೇಲಿರುವ ಹುಡುಗನ ಕೆಲಸ ಹೋದರೆ ಗರಿಷ್ಠ 60 ದಿನದ ರಿಯಾಯಿತಿ. ಅಷ್ಟರೊಳಗೆ ಬೇರೆ ಕಂಪನಿಯೋ ಬೇರೆ ವೀಸಾ ಅರ್ಜಿಯೋ ಕೈಹಿಡಿಯದಿದ್ದರೆ ಆತ ‘ಔಟ್ ಆಫ್ ಸ್ಟೇಟಸ್’. ಅರವತ್ತನೆಯ ದಿನ ಎದ್ದು, ಚಹಾ ಕುಡಿದು, ಮಗುವನ್ನು ಶಾಲೆಗೆ ಬಿಟ್ಟುಬಂದ. ಅರವತ್ತೊಂದನೆಯ ದಿನವೂ ಅದನ್ನೇ ಮಾಡಿದ. ಬದಲಾದದ್ದು ಕ್ಯಾಲೆಂಡರು.

ನಮ್ಮ ಕರ್ಮಸಿದ್ಧಾಂತದ ಮೇಲೆ ನನಗೆ ತಕರಾರುಗಳು ಬೇಕಾದಷ್ಟಿವೆ. ಆದರೆ ಒಂದು ಮಾತಿಗೆ ತಲೆಬಾಗುತ್ತೇನೆ: ಫಲ ಬರಬೇಕಾದರೆ ಮೊದಲು ಏನನ್ನಾದರೂ ಮಾಡಿರಬೇಕು. ಕ್ರಿಮಿನಲ್ ಕಾನೂನಿನ ಬುಡವೂ ಅದೇ. 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ರಾಬಿನ್ಸನ್’ ಪ್ರಕರಣದಲ್ಲಿ ಮಾದಕ ವ್ಯಸನಿಯಾಗಿರುವುದನ್ನೇ ಅಪರಾಧ ಮಾಡಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ಹೊಡೆದುಹಾಕಿತು. ಮದ್ದು ಕೊಂಡರೆ, ಮಾರಿದರೆ ಹಿಡಿಯಿರಿ. ವ್ಯಸನಿಯಾಗಿ ‘ಇದ್ದಾನೆ’ ಎಂಬುದಕ್ಕೆ ಹಿಡಿಯಬೇಡಿ.

ಇದು ನಮಗೆ ದೂರದ ಕಥೆಯಲ್ಲ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಒಂದು ಭಾಗವಿದೆ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಉಳಿಕೆ ಆ ಹೆಸರು. ಇಂಥ ಜಾತಿಯಲ್ಲಿ ಹುಟ್ಟಿದ್ದೇ ಸಾಕು, ಹೆಸರು ದಾಖಲಾಗಬೇಕು, ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಹೊರಗೆ ಹೋಗಕೂಡದು. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಆ ಓಣಿಯ ಹುಡುಗರನ್ನು ಊರಲ್ಲಿ ಯಾವ ಕಳವಾದರೂ ಮೊದಲು ಕರೆತರುತ್ತಿದ್ದುದನ್ನು ನಾನು ನೋಡಿದ್ದೇನೆ. ಒಬ್ಬ ಏನು ಮಾಡಿದ ಎಂಬುದನ್ನು ಬಿಟ್ಟು ಅವನು ಏನಾಗಿದ್ದಾನೆ ಎಂದು ಕೇಳಲು ಹೊರಟ ಕಾನೂನು ಸತ್ತ ಮೇಲೂ ಕಾಡುತ್ತದೆ.

ಹಾಗಾದರೆ ಅಮೆರಿಕದಲ್ಲಿ ಕಾಗದವಿಲ್ಲದೆ ಇರುವುದು ಅಪರಾಧವೇ? ಗಡಿಯಲ್ಲಿ ತಪಾಸಣೆ ತಪ್ಪಿಸಿ ನುಸುಳುವುದು ಅಪರಾಧ. ಮೊದಲ ಸಲಕ್ಕೆ ಗರಿಷ್ಠ 6 ತಿಂಗಳು. ಅದು ಕೃತ್ಯ, ಒಪ್ಪುತ್ತೇನೆ. ಆದರೆ ವೀಸಾ ಮೇಲೆ ಬಂದು ಅವಧಿ ಮೀರಿ ಉಳಿಯುವುದು ಸಾಮಾನ್ಯವಾಗಿ ಅಪರಾಧವಲ್ಲ, ಸಿವಿಲ್ ಉಲ್ಲಂಘನೆ. 2012ರಲ್ಲಿ ಅರಿಜೋನಾ ರಾಜ್ಯದ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆನಡಿ ಇದನ್ನು ಸ್ಪಷ್ಟವಾಗಿಯೇ ಬರೆದರು. 2005ರಲ್ಲಿ ಇದನ್ನು ಘೋರ ಅಪರಾಧ ಮಾಡುವ ಮಸೂದೆಯೊಂದು ಕೆಳಮನೆಯಲ್ಲಿ ಪಾಸಾಯಿತು, ಕಾನೂನಾಗಲಿಲ್ಲ. ನಾವೇ ಈ ವಿಷಯದಲ್ಲಿ ಕಠಿಣ. ನಮ್ಮ 2025ರ ಹೊಸ ಕಾಯ್ದೆಯಲ್ಲೂ ಅವಧಿ ಮೀರಿದವನಿಗೆ 3 ವರ್ಷದವರೆಗೆ ಜೈಲು, ಅಥವಾ 3 ಲಕ್ಷದವರೆಗೆ ದಂಡ, ಅಥವಾ ಎರಡೂ. ಅಮೆರಿಕದ ನಿರ್ದಯತೆಯ ಬಗ್ಗೆ ಎಡಿಸನ್ನಿನಲ್ಲಿ ಭಾಷಣ ಬಿಗಿಯುವ ನಮ್ಮವರು ಬೆಂಗಳೂರಿನ ಗುಡಿಸಲುಗಳಲ್ಲಿ ಬಾಂಗ್ಲಾದೇಶಿಗಳನ್ನು ಹುಡುಕುವ ಸುದ್ದಿ ಬಂದಾಗ ಚಪ್ಪಾಳೆ ತಟ್ಟುವುದನ್ನೂ ಕೇಳಿದ್ದೇನೆ.

ಇಲ್ಲಿಯ ಒಂದು ದೇವಸ್ಥಾನದ ಕ್ಯಾಂಟೀನಿನಲ್ಲಿ ಉಡುಪಿ ಕಡೆಯ ಅಡುಗೆಯವನೊಬ್ಬ ಇದ್ದಾನೆ. ಅವನ ವೀಸಾ ಎಂದೋ ತೀರಿದೆಯೆಂದು ಎಲ್ಲರಿಗೂ ಗೊತ್ತು. ಅವನ ಬಿಸಿಬೇಳೆಭಾತಿಗೆ ಸಾಲೂ ನಿಲ್ಲುತ್ತದೆ. ಒಮ್ಮೆ ಆ ಸಾಲಿನಲ್ಲೇ ಜಗಳ ಹತ್ತಿತು. ಗ್ರೀನ್ ಕಾರ್ಡಿಗೆ ಕಾದು ಕಾದು ಕೂದಲು ಬೆಳ್ಳಗಾದ ಇಂಜಿನಿಯರು, ‘ನಾವು ಕ್ಯೂ ನಿಲ್ಲೋದು, ಇಂಥವರು ಸುಮ್ಮನೆ ಉಳಿಯೋದು!’ ಅಂದರು. ಅವರ ಸಿಟ್ಟಿಗೆ ಕಾರಣವಿದೆ. ಒಂದು ದೇಶಕ್ಕೆ ಸುಮಾರು ಶೇ 7 ಎಂಬ ಮಿತಿಯಿಂದ ಭಾರತದಲ್ಲಿ ಹುಟ್ಟಿದವರು ದಶಕಗಟ್ಟಲೆ ಕಾಯಬೇಕಾಗಿದೆ. ಆದರೆ ಅಡುಗೆಯವ ಅವರ ಕ್ಯೂ ಮುರಿದವನಲ್ಲ. ಅವನಂಥವನಿಗೆ ಕ್ಯೂ ಎಂಬುದು ಹೆಚ್ಚೂಕಡಿಮೆ ಇಲ್ಲವೇ ಇಲ್ಲ.

ನನ್ನನ್ನು ನಿಜಕ್ಕೂ ತಡೆದದ್ದು ಅಲ್ಲಿದ್ದ ಹಿರಿಯ ಮೇಷ್ಟ್ರ ಮಾತು: ‘ತಿರುಗಿ ಬರ್ತೀನಿ ಅಂತ ಹುಲಿಗೆ ಹೇಳಿದ ಪುಣ್ಯಕೋಟಿ ಬಂತಲ್ಲ? ಇವನೂ ವಾಪಸು ಹೋಗ್ತೀನಿ ಅಂತ ಹೇಳಿಯೇ ವೀಸಾ ತಗೊಂಡವನು.’ ಕೊಟ್ಟ ಮಾತಿಗೆ ತಪ್ಪಿದ್ದು ನಿಜ. ಆದರೆ ಕರಾರು ಮುರಿದವನನ್ನು ಕಳ್ಳನ ಪಕ್ಕ ನಿಲ್ಲಿಸುವುದಿಲ್ಲ. ನಷ್ಟ ತುಂಬಿಸಿಕೊಳ್ಳುತ್ತಾರೆ, ಕರಾರು ರದ್ದು ಮಾಡುತ್ತಾರೆ. ಇನ್ನೊಂದು: ಪುಣ್ಯಕೋಟಿ ಕರುವನ್ನು ಪರರ ಕೈಗಿಟ್ಟು ಮಾತು ಉಳಿಸಿಕೊಂಡಿತು. ಈತ ಊರಿನಲ್ಲಿರುವ ಕರುವಿಗಾಗಿ ಮಾತು ಮುರಿದಿದ್ದಾನೆ. ಮೊದಲನೆಯದು ದೊಡ್ಡ ಧರ್ಮವೆಂದು ಹಾಡೋಣ. ಎರಡನೆಯದನ್ನು ಅಪರಾಧವೆನ್ನಲು ನನಗೆ ಬಾಯಿ ಬರುವುದಿಲ್ಲ. ಮೇಷ್ಟ್ರು ಒಪ್ಪಲಿಲ್ಲ.

ಇಲ್ಲಿ ನನ್ನಂಥ ವಕೀಲನನ್ನು ಕೆಣಕುವ ಇನ್ನೊಂದು ತಿರುವಿದೆ. 1893ರಲ್ಲಿ ಫಾಂಗ್ ಯೂ ಟಿಂಗ್ ಎಂಬ ಚೀನೀಯನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯೇ ಅಲ್ಲ ಎಂದಿತು. ಶಿಕ್ಷೆಯಲ್ಲವಾದರೆ ಶಿಕ್ಷೆಗಿರುವ ರಕ್ಷಣೆಗಳೂ ಬೇಕಿಲ್ಲ. ಅಂಗಡಿಯಲ್ಲಿ ಕದ್ದು ಜೈಲಿಗೆ ಹೋಗಬೇಕಾದ ಬಡವನಿಗೆ ಸರ್ಕಾರ ವಕೀಲನನ್ನು ಕೊಡಬೇಕು. ಇಪ್ಪತ್ತು ವರ್ಷ ಬಾಳಿದ ಮನೆಯಿಂದ ಎಬ್ಬಿಸಿ ವಿಮಾನ ಹತ್ತಿಸುವಾಗ ಕೊಡಬೇಕಿಲ್ಲ. ವಕೀಲರಿಲ್ಲದ ಮಕ್ಕಳೂ ವಲಸೆ ನ್ಯಾಯಾಧೀಶರೆದುರು ನಿಂತದ್ದುಂಟು. ‘ನೀನು ಅಪರಾಧಿಯಲ್ಲ’ ಎಂಬ ಮಾತು ಹೀಗೆ ಅವನಿಗೇ ಮುಳುವಾಗುತ್ತದೆ.

ನನ್ನ ಕಸುಬಿನ ಹಳೆಯ ವಿವೇಕ ಕಾಲಮಿತಿ ಕಾಯ್ದೆಯಲ್ಲಿದೆ. ಇಷ್ಟು ವರ್ಷ ಸುಮ್ಮನಿದ್ದವನು ಆಮೇಲೆ ಬಂದು ಬಾಗಿಲು ಬಡಿಯುವಂತಿಲ್ಲ. ನಡುವೆ ಎದುರಿನವನ ಬದುಕು ಆ ನೆಲದಲ್ಲಿ ಬೇರಿಳಿಸಿರುತ್ತದೆ. ಅಮೆರಿಕಕ್ಕೂ ಇದು ಗೊತ್ತಿತ್ತು. 1929ರ ಮಾರ್ಚ್‌ನ ಒಂದೇ ವಾರದಲ್ಲಿ ಅಲ್ಲಿ ಎರಡು ಕಾಯ್ದೆಗಳಾದವು. ಕದ್ದು ಗಡಿ ದಾಟುವುದನ್ನು ಒಂದು ಅಪರಾಧ ಮಾಡಿತು. ಮತ್ತೊಂದರ ಹೆಸರು ರಿಜಿಸ್ಟ್ರಿ: 1921ರ ಜೂನ್‌ಗೆ ಮೊದಲೇ ಬಂದು ನಡತೆ ಕೆಡಿಸಿಕೊಳ್ಳದೆ ಬಾಳಿದವರು ಹೆಸರು ಬರೆಸಿ ಕಾಯಂ ಆಗಬಹುದು. ಬಳಿಕ ಆ ದಿನಾಂಕವನ್ನು 1924ಕ್ಕೆ, 1940ಕ್ಕೆ, 1948ಕ್ಕೆ ಸರಿಸುತ್ತ ಹೋದರು. ಕೊನೆಯ ಸಲ, ರೇಗನ್ ಅಧ್ಯಕ್ಷರಾಗಿದ್ದ 1986ರಲ್ಲಿ, 1972ರ ಜನವರಿ 1ಕ್ಕೆ ತಂದು ನಿಲ್ಲಿಸಿದರು. ಅಲ್ಲಿಂದಾಚೆ ಅದು ಕದಲಿಲ್ಲ. ಬದಲಿಗೆ 1996ರಲ್ಲಿ, ಒಂದು ವರ್ಷಕ್ಕೂ ಮೀರಿ ಕಾಗದವಿಲ್ಲದೆ ಉಳಿದವನು ಹೊರಗೆ ಹೋದರೆ 10 ವರ್ಷ ತಿರುಗಿ ಬರಕೂಡದೆಂಬ ನಿಯಮ ಬಂತು. ಹೋಗು ಎನ್ನುವ ಕಾನೂನೇ ಹೋಗಲು ಹೆದರಿಸಿತು. ರಿಜಿಸ್ಟ್ರಿಯ ದಿನಾಂಕ ಸರಿಸಲು ಹೊಸ ತತ್ತ್ವಶಾಸ್ತ್ರವೇನೂ ಬೇಕಿಲ್ಲ, ಕಾಂಗ್ರೆಸ್ ಹಿಂದೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದರೆ ಸಾಕು. ಸದ್ಯಕ್ಕಂತೂ, ನಮ್ಮ ಅಡುಗೆಯವ ಹುಟ್ಟಿದ್ದೇ 1972 ಕಳೆದ ಮೇಲೆ.